ಗಲ್ಫ್, ಜಪಾನ್, ಜರ್ಮನಿ, ಲಂಡನ್: ನಮ್ಮ ಕಡೆಯವರಿಗೆ ಯಾವ ದಾರಿ ಸರಿ?

ಕೊಪ್ಪಳದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಚಿಕ್ಕ ಆನ್‌ಲೈನ್ ಸೆಂಟರ್ ಇದೆ. ಪಹಣಿ, ಜಾತಿ ಪ್ರಮಾಣಪತ್ರ, ನೇಮಕಾತಿ ಅರ್ಜಿ, ಪಾಸ್‌ಪೋರ್ಟ್ ಅರ್ಜಿ, ದಿನವೆಲ್ಲ ಇದೇ ಕೆಲಸ. ಈಚೆಗೆ ಒಂದು ಪ್ರಶ್ನೆ ಜಾಸ್ತಿಯಾಗಿದೆ. ಹುಡುಗರು ಬರುತ್ತಾರೆ, ಮೊಬೈಲ್ ಮುಂದೆ ಹಿಡಿಯುತ್ತಾರೆ. ಅದರಲ್ಲಿ ವಿಮಾನದ ಚಿತ್ರ, ಒಂದು ದೇಶದ ಬಾವುಟ, ಕೆಳಗೆ ದಪ್ಪ ಅಕ್ಷರದಲ್ಲಿ ಸಂಬಳ. "ಅಣ್ಣಾ, ಇದು ಖರೇ ಏನು? ಜಪಾನ್ ಚಲೋನೋ, ದುಬೈ ಚಲೋನೋ?"

ಒಂದೇ ಮಾತಲ್ಲಿ ಉತ್ತರ ಕೊಡೋದು ಆಗಲ್ಲ. ಗಿಣಿಗೇರಿಯ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡುವ ಐಟಿಐ ಹುಡುಗನಿಗೆ ಸರಿಯಾದದ್ದು, ರಾಯಚೂರಿನಲ್ಲಿ ನರ್ಸಿಂಗ್ ಮುಗಿಸಿದ ಹುಡುಗಿಗೆ ಸರಿಯಾಗಲ್ಲ. ಬಳ್ಳಾರಿಯಲ್ಲಿ ಬಿಕಾಂ ಮಾಡಿ ಅಪ್ಪನ ಜೀನ್ಸ್ ಅಂಗಡಿ ನೋಡಿಕೊಳ್ಳುವವನಿಗೆ ಬೇರೆಯೇ ದಾರಿ. ಹಾಗಾಗಿ ಕೌಂಟರ್‌ನಲ್ಲಿ ಅವಸರದಲ್ಲಿ ಹೇಳುವುದನ್ನೆಲ್ಲ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ದುಡಿಯಲು ಊರು ಬಿಡುವುದು ನಮಗೆ ಹೊಸದಲ್ಲ. ಸುಗ್ಗಿ ಮುಗಿದ ಮೇಲೆ ದೇವದುರ್ಗ, ಮಾನ್ವಿ, ಕುಷ್ಟಗಿ ಕಡೆಯಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸುಗಳನ್ನು ನೋಡಿ. ಮೇಲೆ ಗಂಟುಮೂಟೆ, ಒಳಗೆ ಮಕ್ಕಳು. ಅದನ್ನು ಗುಳೆ ಅನ್ನುತ್ತೇವೆ. ಗುಳೆ ಹೋದವರು ವಾಪಸ್ ಬರುತ್ತಾರೆ. ನಾನಿಲ್ಲಿ ಹೇಳುವ ವಿದೇಶದ ದಾರಿಗಳೂ ಮುಖ್ಯವಾಗಿ ಹೋಗಿ ಬರುವ ದಾರಿಗಳೇ. ಎರಡು ವರ್ಷ, ಮೂರು ವರ್ಷ, ಹೆಚ್ಚೆಂದರೆ ಐದು. ಜರ್ಮನಿಯಂಥ ಕಡೆ ಮುಂದೆ ಅಲ್ಲೇ ಉಳಿಯುವ ಅವಕಾಶವೂ ಇದೆ, ಅದು ಬೇರೆ ಮಾತು. ವಾಪಸ್ ಬರುವುದು ಗೊತ್ತಿದ್ದೇ ಹೋಗುವವರು ಅಲ್ಲಿನ ಸಂಬಳ ಒಂದನ್ನೇ ನೋಡಿ ಆರಿಸಬಾರದು. ಹೋಗುವ ದಿನ ತಲೆ ಮೇಲೆ ಎಷ್ಟು ಸಾಲ, ಬರುವ ದಿನ ಕೈಯಲ್ಲಿ ಏನು, ಇವೆರಡನ್ನೂ ನೋಡಬೇಕು. ಇದನ್ನು ನಾನು ದೋಹಾದಲ್ಲಿ ಎರಡು ವರ್ಷ ಕಳೆದು ಕಲಿತೆ.

ಯಾವುದರಿಂದ ಅಳೆಯಬೇಕು

ಮೊದಲನೆಯದು ಸಾಲ. ನಮ್ಮ ಊರುಗಳಲ್ಲಿ ಮೂರು ರೂಪಾಯಿ ಬಡ್ಡಿ ಮಾಮೂಲಿ. ಒಂದು ಲಕ್ಷ ತಂದರೆ ತಿಂಗಳಿಗೆ 3,000, ಎರಡು ವರ್ಷಕ್ಕೆ ಬಡ್ಡಿಯೇ 72,000. ಅಸಲು ಹಾಗೇ ಇರುತ್ತದೆ. ಹಾಗಾಗಿ ಯಾವ ಯೋಜನೆಯಾದರೂ "ನಾನು ಯಾರಿಗೆ, ಎಷ್ಟು, ಯಾವ ರಸೀದಿಗೆ ಕೊಡಬೇಕು" ಎಂಬುದನ್ನು ಮೊದಲೇ ಕೇಳಿ.

ಎರಡನೆಯದು ತಯಾರಿಯ ಕಾಲ. ಕೆಲವು ದಾರಿಗೆ ಎರಡು ತಿಂಗಳು ಸಾಕು, ಕೆಲವಕ್ಕೆ ಒಂದೂವರೆ ವರ್ಷ ಭಾಷೆ ಕಲಿಯಬೇಕು. ಅಷ್ಟು ದಿನ ಮನೆ ನಡೆಯುತ್ತದಾ?

ಮೂರನೆಯದು, ಖರ್ಚು ಕಳೆದು ಉಳಿಯುವ ಹಣ. ನಾಲ್ಕನೆಯದನ್ನು ಬಹಳ ಜನ ಕೇಳುವುದೇ ಇಲ್ಲ: ಮಾಲೀಕ ಸರಿಯಿಲ್ಲದಿದ್ದರೆ ಬೇರೆ ಕಡೆ ಸೇರಬಹುದಾ? ಯಾರಿಗೆ ದೂರು ಕೊಡಬೇಕು? ಐದನೆಯದು, ವಾಪಸ್ ಬಂದಾಗ ಕೈಯಲ್ಲಿ ಏನಿರುತ್ತದೆ. ಒಂದು ಭಾಷೆ, ಒಂದು ಸರ್ಟಿಫಿಕೇಟ್, ಇಲ್ಲೂ ನಡೆಯುವ ಒಂದು ಕಸುಬು.

ನಮ್ಮ ಭಾಗಕ್ಕೆ ಸೇರಿದ ಇನ್ನೊಂದು ಲೆಕ್ಕವಿದೆ. ಕಲ್ಯಾಣ ಕರ್ನಾಟಕದವರಿಗೆ ಇರುವ 371(ಜೆ) ಮೀಸಲಾತಿಯಲ್ಲಿ ಸರ್ಕಾರಿ ಹುದ್ದೆಗೆ ಓದುತ್ತಿರುವವರಿಗೆ ವಯಸ್ಸೇ ಬಂಡವಾಳ. ಐದು ವರ್ಷ ಹೊರಗಿದ್ದರೆ ಆ ಬಂಡವಾಳ ಕರಗುತ್ತದೆ. ಎರಡು ದೋಣಿಯಲ್ಲಿ ಕಾಲಿಡಬೇಡಿ. ಪರೀಕ್ಷೆ ಬರೆಯುವುದಿದ್ದರೆ ಬರೆದು ಮುಗಿಸಿ, ಆಮೇಲೆ ಹೊರಡಿ. ಇಲ್ಲವೇ ಚಿಕ್ಕ ಅವಧಿಯ ದಾರಿ ಹಿಡಿಯಿರಿ.

ಗಲ್ಫ್: ಬೇಗ ಹೋಗಬಹುದು, ಆದರೆ ಕಾಗದ ನೋಡಿ

ಹತ್ತನೇ ಕ್ಲಾಸ್ ಪಾಸಾಗದವರಿಗೂ ತೆರೆದಿರುವ ದಾರಿ ಇದು. ಡ್ರೈವರ್, ವೆಲ್ಡರ್, ಮೇಸನ್, ಅಡುಗೆಯವರು, ಎಲ್ಲರಿಗೂ ಕೆಲಸ ಇದೆ. ಭಾಷೆಯ ಪರೀಕ್ಷೆ ಇಲ್ಲ. ಮೆಡಿಕಲ್, ವೀಸಾ ಎಲ್ಲ ಸರಿಹೋದರೆ ಎರಡು ಮೂರು ತಿಂಗಳಲ್ಲಿ ಹೊರಡಬಹುದು. ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ವಸತಿ ಸಾಮಾನ್ಯವಾಗಿ ಕಂಪನಿಯದೇ.

ನಾನು ಹೋಗಿದ್ದು 2014ರಲ್ಲಿ. ಐಟಿಐ ಫಿಟ್ಟರ್ ಆಗಿದ್ದೆ. ಗಂಗಾವತಿಯಲ್ಲಿ ಒಬ್ಬ ಏಜೆಂಟ್‌ಗೆ 90,000 ಕೊಟ್ಟೆವು. ರಸೀದಿ ಇಲ್ಲ. ಅಮ್ಮ ತನ್ನ ಎರಡು ಬಳೆ ಅಡವಿಟ್ಟಿದ್ದಳು. ಆ ಚೀಟಿಯನ್ನು ಮಡಚಿ ಮಡಚಿ ಕುಂಕುಮದ ಡಬ್ಬಿಯೊಳಗೆ ಇಟ್ಟಿದ್ದು ಇನ್ನೂ ಕಣ್ಣ ಮುಂದಿದೆ. ಇಲ್ಲಿ ಹೇಳಿದ್ದು 1,800 ರಿಯಾಲ್. ದೋಹಾದಲ್ಲಿ ಇಳಿದ ಮೂರನೇ ದಿನ ಸಹಿ ಹಾಕಿಸಿದ ಕಾಗದದಲ್ಲಿ ಇದ್ದದ್ದು 1,200. ಪಾಸ್‌ಪೋರ್ಟ್ ಕಂಪನಿಯವರ ಕೈಲಿತ್ತು. ಆಗ ಕತಾರ್‌ನಲ್ಲಿ ಕೆಲಸ ಬದಲಿಸಲು ಮಾಲೀಕನ ಒಪ್ಪಿಗೆ ಪತ್ರ ಬೇಕಿತ್ತು, ದೇಶ ಬಿಡಲೂ ಅವನ ಪರವಾನಗಿ ಬೇಕಿತ್ತು. ಸಾಲ ತೀರಿಸುವುದಕ್ಕೇ ಹದಿನಾಲ್ಕು ತಿಂಗಳು ಹೋಯಿತು.

ಈಗ ಕೆಲವು ವಿಷಯ ನಿಜವಾಗಿ ಸುಧಾರಿಸಿವೆ. ಕತಾರ್ ಆ ಎರಡೂ ನಿಯಮಗಳನ್ನು 2018ರಿಂದ 2020ರೊಳಗೆ ಬಹುಮಟ್ಟಿಗೆ ತೆಗೆದುಹಾಕಿತು. 2021ರ ಮಾರ್ಚ್‌ನಿಂದ ಅಲ್ಲಿ ಕನಿಷ್ಠ ವೇತನ 1,000 ರಿಯಾಲ್. ಕಂಪನಿ ಊಟ ಕೊಡದಿದ್ದರೆ 300, ವಸತಿ ಕೊಡದಿದ್ದರೆ 500 ರಿಯಾಲ್ ಸೇರಿಸಿ ಕೊಡಬೇಕು. ಬೇಸಿಗೆಯಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ದುಬೈ ಇರುವ ಯುಎಇಯಲ್ಲೂ ಇಂಥ ನಿಯಮವಿದೆ, ಅಲ್ಲಿ ಮಧ್ಯಾಹ್ನ 12.30ರಿಂದ 3ರ ತನಕ. ರಾಯಚೂರಿನ ಮೇ ತಿಂಗಳು ನೋಡಿದ ನಮಗೆ ಬಿಸಿಲು ಹೊಸದಲ್ಲ ಅಂತ ಹುಡುಗರು ಹೇಳುತ್ತಾರೆ. ಅಲ್ಲಿನದು ಬೇರೆ. ಸಮುದ್ರದ ತೇವ ಸೇರಿ ಬೆವರು ಆರುವುದೇ ಇಲ್ಲ. ನೀರು, ಉಪ್ಪು, ನೆರಳು ಇಲ್ಲದೆ ದೇಹ ತಡೆಯುವುದಿಲ್ಲ.

ಇನ್ನು ಕಾಗದದ ಮಾತು. ಎಸ್ಸೆಸ್ಸೆಲ್ಸಿ ಪಾಸಾಗದಿದ್ದರೆ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್, ಅಂದರೆ ಹೊರಡುವ ಮುಂಚೆ ಸರ್ಕಾರದ ತಪಾಸಣೆ ಬೇಕಾದದ್ದು, ಆಗಿರುತ್ತದೆ. ಅಂಥವರು ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಇ-ಮೈಗ್ರೇಟ್ ಪೋರ್ಟಲ್ ಮೂಲಕ ಸರ್ಕಾರದ ಅನುಮತಿ ಪಡೆಯಬೇಕು. ಇದನ್ನು ತೊಂದರೆ ಅಂದುಕೊಳ್ಳಬೇಡಿ, ಇದೇ ರಕ್ಷಣೆ. ಅನುಮತಿಯ ಜೊತೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಬರುತ್ತದೆ. ಅಪಘಾತದಲ್ಲಿ ಜೀವ ಹೋದರೆ ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ. ಕಂತು ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375, ಮೇಲೆ ತೆರಿಗೆ. ನೋಂದಣಿ ಇರುವ ಏಜೆಂಟ್ ತನ್ನ ಸೇವೆಗೆ ಕೇಳಬಹುದಾದ ಹಣ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಒಂದೂವರೆ ಲಕ್ಷ ಕೇಳಿದರೆ ಅಲ್ಲೇ ಎದ್ದು ಬನ್ನಿ. ಇಸಿಆರ್ ಪಾಸ್‌ಪೋರ್ಟ್ ಇರುವ ಹೆಣ್ಣುಮಕ್ಕಳಿಗೆ 30 ವರ್ಷ ತುಂಬದೆ ಈ ದೇಶಗಳ ಅನುಮತಿ ಸಿಗುವುದಿಲ್ಲ. ವಿಸಿಟ್ ವೀಸಾದಲ್ಲಿ ಕಳಿಸುತ್ತೇನೆ ಅನ್ನುವವರನ್ನು ನಂಬಬೇಡಿ.

ಕೈಯಲ್ಲಿ ಉಳಿಯುವುದೆಷ್ಟು? 1,200 ರಿಯಾಲ್ ಅಂದರೆ 30,000 ರೂಪಾಯಿಯ ಆಸುಪಾಸು. ಊಟ, ಫೋನ್, ಸಣ್ಣಪುಟ್ಟ ಖರ್ಚು ಕಳೆದು 18ರಿಂದ 20 ಸಾವಿರ ಮನೆಗೆ ಬರಬಹುದು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಓವರ್‌ಟೈಮ್ ಸೇರಿ ಹೆಚ್ಚುಕಡಿಮೆ ಅಷ್ಟೇ ಉಳಿಸುತ್ತಿರುವವರು ಸಹಾಯಕನ ಕೆಲಸಕ್ಕೆ ಗಲ್ಫ್‌ಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಕಸುಬು ಬಲ್ಲವರ ಮಾತು ಬೇರೆ. 6ಜಿ ಅನ್ನುವ ಪೈಪ್ ವೆಲ್ಡಿಂಗ್ ಪರೀಕ್ಷೆ ಪಾಸಾದವರು, ಹೆವಿ ಡ್ರೈವಿಂಗ್ ಗೊತ್ತಿರುವವರು, ಎಸಿ ಮೆಕ್ಯಾನಿಕ್‌ಗಳು ಇದರ ಎರಡು ಮೂರು ಪಟ್ಟು ಕೇಳಬಹುದು, ಕೇಳಬೇಕು.

ಜಪಾನ್: ನಿಧಾನದ ದಾರಿ, ನನಗೆ ಹೆಚ್ಚು ನಂಬಿಕೆ ಇರುವುದು

ಇಲ್ಲಿ ಎರಡು ಯೋಜನೆಗಳ ಹೆಸರು ಕಿವಿಗೆ ಬೀಳುತ್ತವೆ, ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಒಂದು ಟೆಕ್ನಿಕಲ್ ಇಂಟರ್ನ್, ಭಾರತದ ಜೊತೆ 2017ರಲ್ಲಿ ಒಪ್ಪಂದವಾದದ್ದು. ಇದರಲ್ಲಿ ತರಬೇತಿ ಅಂತ ಹೋಗುತ್ತೀರಿ, ಕಂಪನಿ ಬದಲಿಸುವುದು ಹೆಚ್ಚುಕಡಿಮೆ ಆಗದ ಮಾತು. ಜಪಾನ್ ಸರ್ಕಾರವೇ ಇದನ್ನು ನಿಲ್ಲಿಸಿ 2027ರ ಏಪ್ರಿಲ್‌ನಿಂದ ಹೊಸ ವ್ಯವಸ್ಥೆ ತರುತ್ತಿದೆ, ಕಾನೂನು 2024ರಲ್ಲೇ ಪಾಸಾಗಿದೆ. ಇನ್ನೊಂದು ಸ್ಪೆಸಿಫೈಡ್ ಸ್ಕಿಲ್ಡ್ ವರ್ಕರ್, ಎಲ್ಲರೂ ಎಸ್‌ಎಸ್‌ಡಬ್ಲ್ಯೂ ಅನ್ನುತ್ತಾರೆ. ಭಾರತದ ಜೊತೆ ಇದರ ಒಪ್ಪಂದ ಆದದ್ದು 2021ರ ಜನವರಿಯಲ್ಲಿ. ಆಯ್ಕೆ ಇದ್ದರೆ ಎಸ್‌ಎಸ್‌ಡಬ್ಲ್ಯೂ ಆರಿಸಿ. ಮೊದಲ ಹಂತದಲ್ಲಿ ಒಟ್ಟು ಐದು ವರ್ಷ ಇರಬಹುದು, ಅದೇ ವಲಯದೊಳಗೆ ಕಂಪನಿ ಬದಲಿಸಬಹುದು, ಅದೇ ಕೆಲಸ ಮಾಡುವ ಜಪಾನೀಯರಿಗಿಂತ ಕಡಿಮೆ ಸಂಬಳ ಕೊಡುವಂತಿಲ್ಲ.

ವಯಸ್ಸು 18 ತುಂಬಿರಬೇಕು. ಡಿಗ್ರಿ ಬೇಡ. ಎರಡು ಪರೀಕ್ಷೆ ಪಾಸಾಗಬೇಕು: ಜಪಾನಿ ಭಾಷೆಯ ಜೆಎಲ್‌ಪಿಟಿ ಪರೀಕ್ಷೆಯ ಎನ್4 ಮಟ್ಟ ಅಥವಾ ಜೆಎಫ್‌ಟಿ ಬೇಸಿಕ್, ಮತ್ತು ಆ ವಲಯದ ಕೌಶಲ ಪರೀಕ್ಷೆ. 2024ರಲ್ಲಿ ವಲಯಗಳು 16ಕ್ಕೆ ಏರಿವೆ. ಕೃಷಿ, ಆಹಾರ ತಯಾರಿಕೆ, ಕಟ್ಟಡ, ಕಾರ್ಖಾನೆ ಕೆಲಸ, ಹೋಟೆಲ್, ವೃದ್ಧರ ಆರೈಕೆ ಎಲ್ಲ ಇದೆ. ಆರೈಕೆಯ ಕೆಲಸಕ್ಕೆ ಆ ಕ್ಷೇತ್ರದ ಭಾಷೆಯ ಇನ್ನೊಂದು ಪರೀಕ್ಷೆಯೂ ಇರುತ್ತದೆ.

ಭಾಷೆ ಅಂದ ಕೂಡಲೇ ಹುಡುಗರು ಹೆದರುತ್ತಾರೆ. ಅಕ್ಷರ ಕಷ್ಟ, ನಿಜ. ಆದರೆ ವಾಕ್ಯ ನಮ್ಮದೇ. "ವಾತಾಶಿ ವಾ ಗೋಹಾನ್ ಓ ತಾಬೇಮಾಸು" ಅಂದರೆ "ನಾನು ಅನ್ನವನ್ನು ತಿನ್ನುತ್ತೇನೆ". ಅದೇ ಸಾಲು, ಅದೇ ಕ್ರಮ, ಕ್ರಿಯಾಪದ ಕೊನೆಗೆ. "ಅನ್ನವನ್ನು" ಅನ್ನುವಲ್ಲಿ ನಾವು ಪ್ರತ್ಯಯ ಹಚ್ಚುವ ಜಾಗದಲ್ಲೇ ಅವರು "ಓ" ಹಚ್ಚುತ್ತಾರೆ. ಇಂಗ್ಲಿಷ್‌ನಲ್ಲಿ ಒದ್ದಾಡುವ ನಮ್ಮ ಹಳ್ಳಿಯ ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ. ನನ್ನ ಅಂಗಡಿಗೆ ಬರುವ ಯಲಬುರ್ಗಾ ಕಡೆಯ ಒಬ್ಬ ಹುಡುಗಿ ಹಿರಾಗಾನಾ ಅಕ್ಷರಗಳನ್ನು ಹಳೇ ಕ್ಯಾಲೆಂಡರಿನ ಹಿಂಭಾಗದಲ್ಲಿ ಬರೆದು, ಒಂದೊಂದರ ಪಕ್ಕ ಕನ್ನಡದ ಉಚ್ಚಾರ ಬರೆದುಕೊಂಡಿದ್ದಾಳೆ. ಅಡುಗೆಮನೆಯ ಗೋಡೆಗೆ ಅಂಟಿಸಿ, ರೊಟ್ಟಿ ಬಡಿಯುತ್ತಲೇ ಓದುತ್ತಾಳಂತೆ. ಎನ್4 ಮಟ್ಟಕ್ಕೆ ದಿನಕ್ಕೆ ಮೂರು ನಾಲ್ಕು ತಾಸು ಓದಿದರೆ ಎಂಟರಿಂದ ಹತ್ತು ತಿಂಗಳು ಹಿಡಿಯಬಹುದು. ಜೆಎಲ್‌ಪಿಟಿ ಪರೀಕ್ಷೆ ಬೆಂಗಳೂರಿನಲ್ಲಿ ನಡೆಯುತ್ತದೆ, ಜುಲೈ ಮತ್ತು ಡಿಸೆಂಬರ್‌ನಲ್ಲಿ.

ಹಣದ ಲೆಕ್ಕ. 2025ರಲ್ಲಿ ಅಲ್ಲಿನ ಕನಿಷ್ಠ ವೇತನದ ಸರಾಸರಿ ಗಂಟೆಗೆ 1,121 ಯೆನ್. ತಿಂಗಳಿಗೆ 160 ಗಂಟೆ ಹಿಡಿದರೆ ಸುಮಾರು 1.79 ಲಕ್ಷ ಯೆನ್, ಅಂದರೆ ಒಂದು ಲಕ್ಷ ರೂಪಾಯಿಯ ಆಸುಪಾಸು. ಇಷ್ಟೂ ಕೈಗೆ ಬರುತ್ತದೆ ಅಂದುಕೊಳ್ಳಬೇಡಿ. ತೆರಿಗೆ, ಪಿಂಚಣಿ, ಆರೋಗ್ಯ ವಿಮೆಗೆ ಐದನೇ ಒಂದು ಭಾಗ ಹೋಗುತ್ತದೆ. ಬಾಡಿಗೆ, ಊಟ ಕಳೆದು, ಕಟ್ಟುನಿಟ್ಟಾಗಿ ಇದ್ದರೆ 40ರಿಂದ 50 ಸಾವಿರ ಉಳಿಯಬಹುದು ಎಂಬುದು ನನ್ನ ಲೆಕ್ಕ. ಕಟ್ಟಿದ ಪಿಂಚಣಿಯ ಒಂದು ಪಾಲನ್ನು ವಾಪಸ್ ಬಂದು ಎರಡು ವರ್ಷದೊಳಗೆ ಅರ್ಜಿ ಹಾಕಿ ಪಡೆಯಬಹುದು. ಇದನ್ನು ಬಹಳ ಜನ ಮರೆತುಬಿಡುತ್ತಾರೆ.

ತೊಂದರೆಯೂ ಇದೆ. ಮೊದಲ ಹಂತದಲ್ಲಿ ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಐದು ವರ್ಷ ಚಿಕ್ಕ ಕಾಲವಲ್ಲ. ಸಸ್ಯಾಹಾರಿಗಳಿಗೆ ಊಟ ಕಷ್ಟ, ಸಾರಿನಲ್ಲೂ ಮೀನು ಇರುತ್ತದೆ. ಭಾಷೆ ಕಲಿಸುವುದು, ಕಳಿಸುವುದು ಎರಡೂ ನಮ್ಮದೇ ಅನ್ನುವ ಕೆಲವು ಸಂಸ್ಥೆಗಳು ಮೂರು ನಾಲ್ಕು ಲಕ್ಷ ಕೇಳುತ್ತವೆ. ಭಾಷೆಯನ್ನು ಒಂದು ಕಡೆ ಕಲಿಯಿರಿ, ಪರೀಕ್ಷೆ ಸ್ವಂತವಾಗಿ ಪಾಸಾಗಿ, ಆಮೇಲೆ ಕೆಲಸ ಹುಡುಕಿ. ಪಾಸಾದ ಸರ್ಟಿಫಿಕೇಟ್ ಕೈಲಿದ್ದವರ ಹತ್ತಿರ ಯಾರೂ ಅಷ್ಟು ಕೇಳಲು ಆಗುವುದಿಲ್ಲ. ಭಾರತದಿಂದ ಐದು ವರ್ಷದಲ್ಲಿ 50,000 ನುರಿತ ಕೆಲಸಗಾರರು ಜಪಾನಿಗೆ ಹೋಗಬೇಕು ಎಂದು 2025ರ ಆಗಸ್ಟ್‌ನಲ್ಲಿ ಎರಡೂ ದೇಶ ಗುರಿ ಹಾಕಿಕೊಂಡಿವೆ. ಬಾಗಿಲು ಬೇಗ ಮುಚ್ಚುವುದಿಲ್ಲ, ಅವಸರ ಬೇಡ.

ಮತ್ತೆ ಕೊನೆಯ ಅಳತೆಗೋಲು, ವಾಪಸ್ ಬಂದಾಗ ಕೈಯಲ್ಲೇನು. ಜಪಾನಿ ಬಲ್ಲ ಕೆಲಸಗಾರರಿಗೆ ಬೆಂಗಳೂರು, ಬಿಡದಿ, ತುಮಕೂರು ಕಡೆಯ ಜಪಾನಿ ಕಾರ್ಖಾನೆಗಳಲ್ಲಿ ಬೆಲೆ ಇದೆ. ದೋಹಾದಿಂದ ನಾನು ತಂದದ್ದು ಒಂದು ಟಿವಿ, ಎರಡು ಕಂಬಳಿ, ಸ್ವಲ್ಪ ಹಣ. ಅದಕ್ಕೇ ನಾನು ಜಪಾನ್ ಬಗ್ಗೆ ಇಷ್ಟು ಹೇಳುವುದು.

ಜರ್ಮನಿ: ನರ್ಸ್‌ಗಳು ಮೊದಲು ಓದಿ

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಸುತ್ತ ನರ್ಸಿಂಗ್ ಓದುವವರು ಬಹಳ. ಅವರಿಗೆ ಜರ್ಮನಿ ಇವತ್ತು ಗಟ್ಟಿ ದಾರಿ. ಬಿ2 ಮಟ್ಟದ (ಆರು ಹಂತಗಳಲ್ಲಿ ನಾಲ್ಕನೆಯದು) ಜರ್ಮನ್ ಬೇಕು, ಒಂದರಿಂದ ಒಂದೂವರೆ ವರ್ಷ ಕೂತು ಕಲಿಯಬೇಕು. ಅಲ್ಲಿ ಹೋದ ಮೇಲೆ ನಿಮ್ಮ ಓದಿಗೆ ಮಾನ್ಯತೆ ಸಿಗುವ ತನಕ ಸಹಾಯಕಿಯಾಗಿ ಕೆಲಸ. ಆಮೇಲೆ ಸಂಬಳ ತೆರಿಗೆಗೆ ಮುಂಚೆ 2,800 ಯೂರೋ ದಾಟುತ್ತದೆ. ಒಂಟಿಯಾಗಿ ಇರುವವರಿಗೆ ಅದರಲ್ಲಿ ಮೂರನೇ ಒಂದು ಭಾಗದಷ್ಟು ತೆರಿಗೆ, ವಿಮೆಗೆ ಹೋಗುತ್ತದೆ. ಜರ್ಮನ್ ಸರ್ಕಾರದ "ಫೇರ್ ರಿಕ್ರೂಟ್‌ಮೆಂಟ್" ಗುರುತು ಇರುವ ಸಂಸ್ಥೆಗಳಲ್ಲಿ ನೇಮಕದ ಖರ್ಚು ಆಸ್ಪತ್ರೆಯದು, ನರ್ಸ್‌ನಿಂದ ಕೇಳುವಂತಿಲ್ಲ. ಹಾಗಾಗಿ ಸಾಲ ಬಹಳ ಕಡಿಮೆ. ನಮ್ಮ ರಾಜ್ಯದ ಕೌಶಲ್ಯ ಅಭಿವೃದ್ಧಿ ನಿಗಮದ ಇಂಟರ್‌ನ್ಯಾಷನಲ್ ಮೈಗ್ರೇಷನ್ ಸೆಂಟರ್ ಬೆಂಗಳೂರಿನಲ್ಲಿದೆ. ಖಾಸಗಿಯವರ ಹತ್ತಿರ ಹೋಗುವ ಮುಂಚೆ ಅಲ್ಲಿ ವಿಚಾರಿಸಿ.

ಪಿಯುಸಿ ಮುಗಿಸಿದವರಿಗೆ ಆಸ್‌ಬಿಲ್ಡುಂಗ್, ಅಂದರೆ ಕಸುಬಿನ ತರಬೇತಿ, ಇದೆ. ವಾರದಲ್ಲಿ ಕೆಲವು ದಿನ ಶಾಲೆ, ಉಳಿದ ದಿನ ಕಂಪನಿಯಲ್ಲಿ ಕೆಲಸ, ಎರಡರಿಂದ ಮೂರೂವರೆ ವರ್ಷ. ಫೀಸು ಕಟ್ಟುವುದಿಲ್ಲ, ಅವರೇ ಭತ್ಯೆ ಕೊಡುತ್ತಾರೆ. ಭಾಷೆ ಸಾಮಾನ್ಯವಾಗಿ ಬಿ2ಗಿಂತ ಒಂದು ಹಂತ ಕೆಳಗಿನ ಬಿ1 ಬೇಕು. 2025ರಲ್ಲಿ ಶುರು ಮಾಡಿದವರಿಗೆ ಮೊದಲ ವರ್ಷದ ಕನಿಷ್ಠ ಭತ್ಯೆ ತಿಂಗಳಿಗೆ 682 ಯೂರೋ. ಆದರೆ ಸರ್ಕಾರಿ ಆಸ್ಪತ್ರೆಗಳ ನರ್ಸಿಂಗ್ ತರಬೇತಿಯಲ್ಲಿ ಇದು 1,400 ಯೂರೋ ಆಸುಪಾಸು ಇರುತ್ತದೆ. 682ರಲ್ಲಿ ಅಲ್ಲಿ ಜೀವನ ಆಗುವುದಿಲ್ಲ, ಕೊರತೆಯನ್ನು ಮನೆಯಿಂದ ತುಂಬಬೇಕು. ಮನೆಗೆ ಹಣ ಕಳಿಸಲೇಬೇಕಾದವರು ಇದನ್ನು ಆರಿಸಬೇಡಿ. ಮೂರು ವರ್ಷ ಕಾಯಬಲ್ಲವರಿಗೆ ಇದಕ್ಕಿಂತ ಗಟ್ಟಿ ಸರ್ಟಿಫಿಕೇಟ್ ಇಲ್ಲ.

2024ರ ಜೂನ್‌ನಲ್ಲಿ ಬಂದ ಚಾನ್ಸೆನ್‌ಕಾರ್ಟೆ, ಅಂದರೆ ಅವಕಾಶದ ಕಾರ್ಡ್, ಕೆಲಸ ಹುಡುಕಲು ಒಂದು ವರ್ಷ ಕೊಡುತ್ತದೆ. ಆ ಅವಧಿಯಲ್ಲಿ ವಾರಕ್ಕೆ 20 ಗಂಟೆ ಪಾರ್ಟ್‌ಟೈಮ್ ದುಡಿಯಬಹುದು. ಆದರೆ ತಿಂಗಳಿಗೆ 1,091 ಯೂರೋ ಲೆಕ್ಕದಲ್ಲಿ ವರ್ಷದ ಹಣ ತೋರಿಸಬೇಕು, ಅದು ನಮ್ಮಲ್ಲಿ 13 ಲಕ್ಷ ದಾಟುತ್ತದೆ. ಇದಕ್ಕಾಗಿ ಹೊಲ ಅಡವಿಡುತ್ತೇನೆ ಅಂತ ಬಂದ ಒಬ್ಬ ತಂದೆಗೆ ನಾನು ಬೇಡ ಅಂದೆ. ಕೆಲಸ ಸಿಗದಿದ್ದರೆ ಆ ಹಣ ಅಲ್ಲೇ ಬಾಡಿಗೆಗೆ, ಊಟಕ್ಕೆ ಕರಗುತ್ತದೆ.

ಲಂಡನ್, ಆಸ್ಟ್ರೇಲಿಯಾ: ಮೊದಲು ಚೀಟಿ ಎತ್ತಬೇಕು

ಇವೆರಡೂ ಡಿಗ್ರಿ ಓದಿದ, 18ರಿಂದ 30ರೊಳಗಿನವರಿಗೆ. ಕೆಲಸ ಮೊದಲೇ ಗೊತ್ತಾಗಿರಬೇಕಿಲ್ಲ, ಹೋಗಿ ಹುಡುಕಬಹುದು. ಮಾಲೀಕನ ಹಂಗಿಲ್ಲ. ಆ ಸ್ವಾತಂತ್ರ್ಯ ದೊಡ್ಡದು.

ಬ್ರಿಟನ್ನಿನ ಯಂಗ್ ಪ್ರೊಫೆಷನಲ್ಸ್ ಸ್ಕೀಮ್ 2023ರಲ್ಲಿ ಶುರುವಾಯಿತು. ವರ್ಷಕ್ಕೆ 3,000 ಜಾಗ, ಎರಡು ವರ್ಷದ ವೀಸಾ. ಬ್ಯಾಲೆಟ್‌ಗೆ, ಅಂದರೆ ಚೀಟಿ ಎತ್ತುವ ಆಯ್ಕೆಗೆ, ಹೆಸರು ಕೊಡಲು ಹಣ ಇಲ್ಲ, ಎರಡು ಮೂರು ದಿನ ಮಾತ್ರ ತೆರೆದಿರುತ್ತದೆ. ಹೆಸರು ಬಂದರೆ ವೀಸಾ ಶುಲ್ಕ (2025ರಲ್ಲಿ 319 ಪೌಂಡ್ ಇತ್ತು), ಆರೋಗ್ಯ ಶುಲ್ಕ ವರ್ಷಕ್ಕೆ 776 ಪೌಂಡ್, ಎರಡೂ ವರ್ಷದ್ದು ಒಟ್ಟಿಗೇ ಕಟ್ಟಬೇಕು. ಇಷ್ಟಕ್ಕೇ ಎರಡು ಲಕ್ಷ ರೂಪಾಯಿ ದಾಟುತ್ತದೆ. ಜೊತೆಗೆ 2,530 ಪೌಂಡ್, ಅಂದರೆ ಮೂರು ಲಕ್ಷದ ಹತ್ತಿರ, 28 ದಿನ ಖಾತೆಯಲ್ಲಿ ಅಲುಗಾಡದೆ ಇರಬೇಕು. ಟಿಕೆಟ್ ಸೇರಿ ಆರು ಲಕ್ಷ ಇಟ್ಟುಕೊಳ್ಳಿ. ಎರಡು ವರ್ಷದ ನಂತರ ಮುಂದುವರಿಸಲು ಬರುವುದಿಲ್ಲ. 2025ರ ಏಪ್ರಿಲ್‌ನಲ್ಲಿ ವಯಸ್ಕರ ಕನಿಷ್ಠ ವೇತನ ಗಂಟೆಗೆ 12.21 ಪೌಂಡ್ ಆಗಿತ್ತು. ಕೇಳಲು ದೊಡ್ಡದು, ಆದರೆ ಲಂಡನ್ನಿನ ಒಂದು ಕೋಣೆಯ ಬಾಡಿಗೆ ಅರ್ಧ ಸಂಬಳ ತಿನ್ನುತ್ತದೆ. ಚಿಕ್ಕ ಊರುಗಳಲ್ಲಿ ಸ್ವಲ್ಪ ಉಳಿಯುತ್ತದೆ. ಹಣ ಮಾಡಲು ಹೋಗುವವರಿಗಿಂತ, ಓದಿದ ಕೆಲಸದಲ್ಲಿ ವಿದೇಶದ ಅನುಭವ ಬೇಕಾದವರಿಗೆ ಇದು ಸರಿ.

ಆಸ್ಟ್ರೇಲಿಯಾ 2024ರ ಅಕ್ಟೋಬರ್‌ನಲ್ಲಿ ಭಾರತೀಯರಿಗೆ ವರ್ಕ್ ಅಂಡ್ ಹಾಲಿಡೇ ವೀಸಾ ತೆರೆಯಿತು. ವರ್ಷಕ್ಕೆ 1,000 ಜಾಗ. ಬ್ಯಾಲೆಟ್‌ಗೆ 25 ಆಸ್ಟ್ರೇಲಿಯನ್ ಡಾಲರ್. ಮೊದಲ ಎರಡೇ ವಾರದಲ್ಲಿ ಸುಮಾರು 40,000 ಅರ್ಜಿ ಬಂದವು, ಅಂದರೆ ನಲವತ್ತರಲ್ಲಿ ಒಬ್ಬರಿಗೂ ಸಿಗುವುದು ಅನುಮಾನ. ಒಂದು ವರ್ಷ ಇರಬಹುದು, ಸಾಮಾನ್ಯವಾಗಿ ಒಬ್ಬ ಮಾಲೀಕನ ಬಳಿ ಆರು ತಿಂಗಳಿಗಿಂತ ಜಾಸ್ತಿ ಇಲ್ಲ. ತೋಟ, ಹೋಟೆಲ್, ಪ್ಯಾಕಿಂಗ್ ಕೆಲಸ ಹೆಚ್ಚು. ಕನಿಷ್ಠ ವೇತನ 2025ರ ಜುಲೈನಲ್ಲಿ ಗಂಟೆಗೆ 24.95 ಡಾಲರ್ ಆಯಿತು, ಒಳ್ಳೆಯದೇ. ಮಾಲೀಕ ಕಟ್ಟುವ ಸೂಪರ್ ಅನ್ನುವ ಪಿಂಚಣಿಯನ್ನು ಹೊರಡುವಾಗ ತೆಗೆದರೆ ಮಾತ್ರ 65% ತೆರಿಗೆ. ಅದನ್ನು ಉಳಿತಾಯದ ಲೆಕ್ಕಕ್ಕೆ ಸೇರಿಸಬೇಡಿ.

ಮೇಟ್ಸ್ ಎಂಬ ಇನ್ನೊಂದು ಆಸ್ಟ್ರೇಲಿಯಾ ಯೋಜನೆಯಲ್ಲಿ ಗಣಿ ಎಂಜಿನಿಯರಿಂಗ್ ಕೂಡ ಇದೆ. ಸಂಡೂರು, ಹಟ್ಟಿ ಕಡೆಯ ಎಂಜಿನಿಯರ್‌ಗಳು ಇದನ್ನು ಆಸೆಯಿಂದ ಕೇಳುತ್ತಾರೆ. ಎರಡು ವರ್ಷ, 3,000 ಜಾಗ. ಆದರೆ ಎನ್‌ಐಆರ್‌ಎಫ್ ಎಂಬ ಕೇಂದ್ರ ಸರ್ಕಾರದ ಕಾಲೇಜು ರ್‍ಯಾಂಕ್ ಪಟ್ಟಿಯ ಮೊದಲ 100 ಸಂಸ್ಥೆಗಳಲ್ಲಿ ಓದಿರಬೇಕು, ಓದು ಮುಗಿದು ಎರಡು ವರ್ಷ ದಾಟಿರಬಾರದು. ನಿಮ್ಮ ಕಾಲೇಜು ಪಟ್ಟಿಯಲ್ಲಿದೆಯಾ ಅಂತ ಮೊದಲು ನೋಡಿ.

ಕೆನಡಾದ ವರ್ಕಿಂಗ್ ಹಾಲಿಡೇ ವೀಸಾ ಅಂತ ಪೋಸ್ಟರ್ ಬಂದರೆ ಅಳಿಸಿಬಿಡಿ. ಆ ಯೋಜನೆಯಲ್ಲಿ ಭಾರತ ಇಲ್ಲ. ಇಸ್ರೇಲ್‌ನ ಕಟ್ಟಡ ಕೆಲಸಕ್ಕೆ ಸರ್ಕಾರದ ಮೂಲಕವೇ ಆಯ್ಕೆ ನಡೆದಿದೆ, ಸಂಬಳ 1.37 ಲಕ್ಷದಷ್ಟು. ಆದರೆ 2024ರ ಮಾರ್ಚ್‌ನಲ್ಲಿ ಲೆಬನಾನ್ ಗಡಿಯ ತೋಟದಲ್ಲಿ ಕೆಲಸ ಮಾಡುತ್ತಿದ್ದ ಕೇರಳದ ಒಬ್ಬರು ಕ್ಷಿಪಣಿ ಬಿದ್ದು ತೀರಿಕೊಂಡರು. ನನ್ನ ತಮ್ಮನಾಗಿದ್ದರೆ ನಾನು ಕಳಿಸುತ್ತಿರಲಿಲ್ಲ.

ನಿಮ್ಮ ಮನೆ, ನಿಮ್ಮ ಲೆಕ್ಕ

ಐಟಿಐ ಮುಗಿಸಿದ್ದೀರಿ, ವಯಸ್ಸು 22, ಮದುವೆ ಆಗಿಲ್ಲ, ಮನೆಯಲ್ಲಿ ಅಣ್ಣ ದುಡಿಯುತ್ತಾನೆ: ಹತ್ತು ತಿಂಗಳು ಜಪಾನಿ ಕಲಿಯಿರಿ. ಅದೇ ವಯಸ್ಸು, ಆದರೆ ತಂಗಿಯ ಮದುವೆ ಸಾಲ ತೀರಿಸುವವರು ನೀವೊಬ್ಬರೇ: ಕಸುಬಿನ ಪರೀಕ್ಷೆ ಪಾಸು ಮಾಡಿಕೊಂಡು ನೋಂದಾಯಿತ ಏಜೆಂಟ್ ಮೂಲಕ ಗಲ್ಫ್, ಎರಡು ವರ್ಷಕ್ಕೆ ಮಾತ್ರ. ವಯಸ್ಸು 35, ಹೆವಿ ಲೈಸೆನ್ಸ್ ಇದೆ, ಹತ್ತನೇ ಕ್ಲಾಸ್ ಆಗಿಲ್ಲ: ಗಲ್ಫ್ ಬಿಟ್ಟರೆ ಬೇರೆ ದಾರಿ ಕಡಿಮೆ. ಆದರೆ ಸಂಬಳ, ಊಟ, ವಸತಿ, ಕೆಲಸದ ಗಂಟೆ ನಾಲ್ಕೂ ಬರೆದ ಒಪ್ಪಂದ ಇಲ್ಲೇ ಕೈಗೆ ಬರದೆ ಹಣ ಕೊಡಬೇಡಿ. ನರ್ಸಿಂಗ್ ಆಗಿದೆ: ಜರ್ಮನಿ. ಎರಡು ವರ್ಷ ಕಾಯಲು ಆಗದಿದ್ದರೆ ಗಲ್ಫ್ ಆಸ್ಪತ್ರೆಗಳೂ ಇವೆ, ಅಲ್ಲಿ ಅನುಭವ ಪಡೆದು ಆಮೇಲೆ ಜರ್ಮನಿಗೆ ಹೋದವರೂ ಇದ್ದಾರೆ. ಡಿಗ್ರಿ ಇದೆ, ಮನೆಯಲ್ಲಿ ಆರು ಲಕ್ಷ ಸಾಲವಿಲ್ಲದೆ ಹೊಂದಿಸಬಹುದು: ಬ್ರಿಟನ್, ಆಸ್ಟ್ರೇಲಿಯಾ ಎರಡೂ ಬ್ಯಾಲೆಟ್‌ಗೆ ಹೆಸರು ಕೊಡಿ. ಆದರೆ ಅದನ್ನೇ ನಂಬಿ ಇಲ್ಲಿನ ಕೆಲಸ ಬಿಡಬೇಡಿ.

ಇನ್ನು ಒಂದು ಮಾತು ಕಳಕಳಿಯಿಂದ. ನಮ್ಮ ಪಕ್ಕದ ಕಲಬುರಗಿಯ ಯುವಕರು ಸೆಕ್ಯುರಿಟಿ ಕೆಲಸ ಅಂತ ರಷ್ಯಾಕ್ಕೆ ಹೋಗಿ ಯುದ್ಧಭೂಮಿಯಲ್ಲಿ ಸಿಕ್ಕಿಹಾಕಿಕೊಂಡರು, 2024ರ ಸೆಪ್ಟೆಂಬರ್‌ನಲ್ಲಿ ಹೇಗೋ ಜೀವ ಉಳಿಸಿಕೊಂಡು ವಾಪಸ್ ಬಂದರು. ಥಾಯ್ಲೆಂಡ್‌ನಲ್ಲಿ ಡೇಟಾ ಎಂಟ್ರಿ ಅಂತ ಕರೆದು ಗಡಿ ದಾಟಿಸಿ ಸೈಬರ್ ವಂಚನೆ ಮಾಡಿಸುವ ಜಾಲಗಳೂ ಇವೆ. ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಏಜೆಂಟ್ ಹೆಸರು ಹುಡುಕಲು ಎರಡು ನಿಮಿಷ ಸಾಕು. ಯಾವ ಆನ್‌ಲೈನ್ ಸೆಂಟರ್‌ನಲ್ಲಾದರೂ ತೋರಿಸುತ್ತಾರೆ. ಅನುಮಾನ ಬಂದರೆ ವಿದೇಶಾಂಗ ಇಲಾಖೆಯ ಸಹಾಯವಾಣಿ 1800-11-3090ಕ್ಕೆ ಕರೆ ಮಾಡಿ. ಹೊರಗೆ ಹೋದ ಮೇಲೆ ಸಂಬಳ ಕೊಡದಿದ್ದರೆ, ಪಾಸ್‌ಪೋರ್ಟ್ ಕಿತ್ತುಕೊಂಡರೆ ಅದೇ ಇಲಾಖೆಯ ಮದದ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು, ಮನೆಯವರು ಇಲ್ಲಿಂದಲೂ ಕೊಡಬಹುದು.

ಯಾವ ದಾರಿ ಆರಿಸಿದರೂ ಮೊದಲ ಕೆಲಸ ಒಂದೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪಾನ್ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಹೆಸರು ನೋಡಿ. ಒಂದರಲ್ಲಿ ಅಪ್ಪನ ಹೆಸರಿನ ಮೊದಲಕ್ಷರ, ಇನ್ನೊಂದರಲ್ಲಿ ಪೂರ್ತಿ ಹೆಸರು, ಮತ್ತೊಂದರಲ್ಲಿ ಮನೆತನದ ಹೆಸರು ಇರುತ್ತದೆ. ಹುಟ್ಟಿದ ತಾರೀಕು ಜೂನ್ 1 ಅಂತ ಶಾಲೆಯವರು ಬರೆದಿರುತ್ತಾರೆ, ಆಧಾರ್‌ನಲ್ಲಿ ಬೇರೆ. ನಮ್ಮ ಕಡೆ ಪಾಸ್‌ಪೋರ್ಟ್ ತಡವಾಗುವುದು ಹೆಚ್ಚಾಗಿ ಇದರಿಂದಲೇ. ತಿದ್ದುಪಡಿಗೆ ತಿಂಗಳುಗಟ್ಟಲೆ ಹಿಡಿಯಬಹುದು, ಪಾಸ್‌ಪೋರ್ಟ್‌ಗೆ 1,500 ರೂಪಾಯಿ ಸಾಕು. ಬಳ್ಳಾರಿ, ರಾಯಚೂರಿನ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಹತ್ತನೇ ಕ್ಲಾಸ್ ಪಾಸಾಗಿದ್ದರೆ ಅಂಕಪಟ್ಟಿ ತೋರಿಸಲು ಮರೆಯಬೇಡಿ. ತೋರಿಸದೆ ಇಸಿಆರ್ ಆಗಿಬಿಟ್ಟ ಪಾಸ್‌ಪೋರ್ಟ್‌ಗಳನ್ನು ನಾನು ಬಹಳ ನೋಡಿದ್ದೇನೆ. ಮತ್ತೆ ಹಣ ಕಟ್ಟಿ ಹೊಸದು ಮಾಡಿಸಬೇಕಾಗುತ್ತದೆ.